ಗುಮ್ಕಿ ಕೇಳಿಸದ ಊಫರ್ ಬಾಕ್ಸ್: ಮೃದಂಗದ ಮೇಷ್ಟ್ರ ಕಾರಿನಿಂದ ಕಲಿತದ್ದು

ಬೆಂಗಳೂರಿನ ಜೆ.ಸಿ. ರಸ್ತೆಯ ಕಾರ್ ಆಡಿಯೊ ಅಂಗಡಿಯೊಂದರಲ್ಲಿ ಫಿಟ್ಟಿಂಗ್ ಕೆಲಸಕ್ಕೆ ಸೇರಿ ಆಗ ಎರಡನೇ ವರ್ಷ. ವೈರಿಂಗ್, ಆಂಪ್ (ಆಂಪ್ಲಿಫೈಯರ್) ಕೂರಿಸುವುದು ಎಲ್ಲ ಕೈಗೆ ಹತ್ತಿತ್ತು. ಸಬ್‌ಊಫರ್, ಅಂದರೆ ಬೇಸ್ (ತಗ್ಗಿನ ಸದ್ದು) ಹೊರಡಿಸುವ ದೊಡ್ಡ ಸ್ಪೀಕರ್, ಅದರ ಬಾಕ್ಸನ್ನು ಮಾತ್ರ ಬರೀ ಮರದ ಡಬ್ಬ ಅಂದುಕೊಂಡಿದ್ದೆ. ಒಳ್ಳೆಯ ಊಫರ್ ತಂದರೆ ಒಳ್ಳೆಯ ಬೇಸ್ ಬರುತ್ತದೆ, ಬಾಕ್ಸ್ ಅದನ್ನು ಹಿಡಿದುಕೊಂಡಿದ್ದರೆ ಸಾಕು ಅನ್ನೋದು ನನ್ನ ಲೆಕ್ಕ.

ಒಂದು ಶನಿವಾರ ಮೃದಂಗ ಹೇಳಿಕೊಡುವ ಮೇಷ್ಟ್ರೊಬ್ಬರು ಡಿಜೈರ್ ಕಾರು ತಂದರು. 12 ಇಂಚಿನ ಊಫರ್ ಅವರೇ ಕೊಂಡಿದ್ದರು, ಬಾಕ್ಸ್ ನಾವು ಮಾಡಿಕೊಡಬೇಕು. ನಾನು ಏನೂ ಕೇಳಲಿಲ್ಲ. ಬಂದವರಿಗೆಲ್ಲ ಹಾಕುತ್ತಿದ್ದ ಪೋರ್ಟೆಡ್ ಬಾಕ್ಸನ್ನೇ, ಅಂದರೆ ಗಾಳಿ ಓಡಾಡಲು ಕಿಂಡಿ (ಪೋರ್ಟ್) ಇರುವುದನ್ನೇ, ಅವರಿಗೂ ಮಾಡಿದೆ. ಡಿಕ್ಕಿಯಲ್ಲಿಟ್ಟು ಹಾಡು ಹಾಕಿದಾಗ ಹಿಂದಿನ ಗಾಜು ಅದುರಿತು. ನನಗೆ ಖುಷಿಯಾಯಿತು.

ಮಂಗಳವಾರ ಅವರು ವಾಪಸ್ ಬಂದರು. ಸಿಟ್ಟಿರಲಿಲ್ಲ. ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ತನಿ ಆವರ್ತನದ (ಕಛೇರಿಯಲ್ಲಿ ತಾಳವಾದ್ಯ ಮಾತ್ರ ನುಡಿಯುವ ಭಾಗ) ಒಂದು ರೆಕಾರ್ಡಿಂಗ್ ಹಾಕಿದರು. "ಕೇಳಪ್ಪ. ಎಡಗೈ ಪೆಟ್ಟು ಯಾವುದು ಬಿದ್ದರೂ ಒಂದೇ 'ಬುಂ' ಬರ್ತಿದೆ. ಗುಮ್ಕಿ ಜಾರೋದೇ ಕೇಳಿಸ್ತಿಲ್ಲ. ಇದು ಮೃದಂಗ ಅಲ್ಲ, ಡ್ರಮ್ಮು ಉರುಳಿಸಿದ ಹಾಗಿದೆ." ನಾನು ಕಣ್ಣು ಮುಚ್ಚಿ ಕೇಳಿದೆ. ಅವರು ಹೇಳಿದ್ದು ಅಕ್ಷರಶಃ ನಿಜ. ಎಡಗೈಯನ್ನು ತೊಪ್ಪಿಯ, ಅಂದರೆ ಮೃದಂಗದ ಎಡಬದಿಯ, ಮೇಲೆ ಒತ್ತಿ ಎಳೆದಾಗ ನಾದ ಜಾರಬೇಕಲ್ಲ, ಅದೇ ಗುಮ್ಕಿ. ಆ ಜಾಗದಲ್ಲಿ ಒಂದೇ ಸ್ವರದ ಗುಂಯ್ ತುಂಬಿಕೊಂಡಿತ್ತು.

ನಮಗೆ ಬಾಕ್ಸ್ ಕೊಯ್ದುಕೊಡುತ್ತಿದ್ದವರು ವಯಸ್ಸಾದ ಆಚಾರ್ರು. ಅವರು ಬಾಕ್ಸ್ ಇಳಿಸಿ, ಅಳತೆ ಟೇಪ್ ಹಿಡಿದು ಮೊದಲು ಕೇಳಿದ್ದೇ "ಅಳತೆ ಒಳಗಿಂದೊ ಹೊರಗಿಂದೊ?" ನಾನು ಚೀಟಿಯಲ್ಲಿ ಬರೆದುಕೊಟ್ಟಿದ್ದು 20, 16, 12 ಇಂಚು. ಮೂರನ್ನೂ ಗುಣಿಸಿ 1728ರಿಂದ (ಒಂದು ಘನ ಅಡಿಗೆ ಅಷ್ಟು ಘನ ಇಂಚು) ಭಾಗಿಸಿದರೆ 2.22 ಘನ ಅಡಿ. ಆದರೆ ಅದು ಹೊರಮೈ. ಹಲಗೆ 18 ಮಿಲಿಮೀಟರ್ ಎಂಡಿಎಫ್, ಮರದ ನಾರು ಒತ್ತಿ ಮಾಡಿದ್ದು. ಎರಡೂ ಕಡೆ ಸೇರಿ ಪ್ರತಿ ಅಳತೆಯಲ್ಲೂ ಸುಮಾರು 1.4 ಇಂಚು ಹಲಗೆಗೇ ಹೋಗುತ್ತದೆ. ಒಳಗೆ ಉಳಿದಿದ್ದು 1.67 ಘನ ಅಡಿ. ಅದರಲ್ಲಿ ಪೋರ್ಟು, ಊಫರಿನ ಮ್ಯಾಗ್ನೆಟ್ಟು ತಿಂದ ಜಾಗ ಕಳೆದರೆ 1.4 ಕೂಡ ಇಲ್ಲ. ಪೋರ್ಟ್ ಯಾವ ಕಂಪನದ ಸದ್ದನ್ನು ಎತ್ತಿಕೊಡುತ್ತದೋ ಅದಕ್ಕೆ ಟ್ಯೂನಿಂಗ್ ಅನ್ನುತ್ತೇವೆ. ನಾನು ಪೋರ್ಟನ್ನು 35 ಹರ್ಟ್ಸ್‌ಗೆ ಅಂತ ಲೆಕ್ಕ ಹಾಕಿ ಕೊಯ್ಸಿದ್ದೆ. ಗಾಳಿಯ ಜಾಗ ಕಡಿಮೆಯಾದಷ್ಟೂ ಟ್ಯೂನಿಂಗ್ ಮೇಲೇರುತ್ತದೆ. ಅದು 45ರ ಹತ್ತಿರ ಹೋಗಿ ಕೂತಿತ್ತು. ಸಿಕ್ಕಿದ ಬೇಸೆಲ್ಲ ಅಲ್ಲೇ ಗುಡ್ಡೆಯಾಗಿತ್ತು.

ಅದು ಕೈತಪ್ಪು. ಅದಕ್ಕಿಂತ ದೊಡ್ಡ ತಪ್ಪು ಊಫರಿನ ಡಬ್ಬದಲ್ಲಿದ್ದ ಕಾಗದವನ್ನು ನಾನು ತೆಗೆದೇ ನೋಡದಿದ್ದದ್ದು.

ಆ ಕಾಗದದ ಅಂಕಿಗಳಿಗೆ ಥೀಲ್-ಸ್ಮಾಲ್ ಪ್ಯಾರಾಮೀಟರ್ ಅಂತ ಹೆಸರು. ಆಸ್ಟ್ರೇಲಿಯಾದ ಇಂಜಿನಿಯರ್ ನೆವಿಲ್ ಥೀಲ್ 1961ರಲ್ಲಿ ಪೋರ್ಟ್ ಇರುವ ಬಾಕ್ಸಿನ ಲೆಕ್ಕವನ್ನು ಪ್ರಬಂಧವಾಗಿ ಬರೆದರು. ಸಿಡ್ನಿಯಲ್ಲಿ ಸಂಶೋಧನೆ ಮಾಡಿದ ರಿಚರ್ಡ್ ಸ್ಮಾಲ್ 1970ರ ದಶಕದ ಮೊದಲಲ್ಲಿ ಅದನ್ನು ಬೆಳೆಸಿದರು. ಊಫರ್ ಯಾವ ಬಾಕ್ಸ್ ಕೇಳುತ್ತದೆ ಅನ್ನೋದು ಅದರಲ್ಲೇ ಇರುತ್ತದೆ. ಮೇಷ್ಟ್ರ ಊಫರಿನದು ಎಫ್‌ಎಸ್ (ಊಫರ್ ತಾನಾಗಿ ಕಂಪಿಸುವ ವೇಗ) 25 ಹರ್ಟ್ಸ್, ಕ್ಯುಇಎಸ್ (ಆ ಕಂಪನಕ್ಕೆ ಕಾಯಿಲ್, ಮ್ಯಾಗ್ನೆಟ್ ಒಡ್ಡುವ ತಡೆಯನ್ನು ತೋರಿಸುವ ಅಂಕಿ) 0.49. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 51. ನಮ್ಮ ಕೆಲಸದಲ್ಲಿ ಈ ಉತ್ತರ 50ರ ಸುತ್ತಮುತ್ತ ಅಥವಾ ಅದಕ್ಕಿಂತ ಕೆಳಗೆ ಬಂದರೆ ಸೀಲ್ಡ್, 100ರ ಹತ್ತಿರ ಹೋದರೆ ಪೋರ್ಟೆಡ್, ನಡುವೆ ಬಂದರೆ ಕೇಳುವವರ ಇಷ್ಟ. ಮೇಷ್ಟ್ರಿಗೆ ಬೇಕಾಗಿದ್ದೂ ಸೀಲ್ಡೇ, ಊಫರ್ ಕೇಳಿದ್ದೂ ಸೀಲ್ಡೇ.

ಸೀಲ್ಡ್ ಅಂದರೆ ಎಲ್ಲ ಕಡೆ ಮುಚ್ಚಿದ ಬಾಕ್ಸ್. ಒಳಗಿನ ಗಾಳಿಯೇ ಸ್ಪ್ರಿಂಗ್ ಆಗಿ ಕೋನನ್ನು (ಊಫರಿನ ಅದುರುವ ಮುಖ) ಹಿಂದಕ್ಕೆ ಎಳೆಯುತ್ತದೆ, ಪೆಟ್ಟು ಬಿದ್ದ ತಕ್ಷಣ ಕೋನ್ ನಿಲ್ಲುತ್ತದೆ. ತೀರಾ ಕೆಳಗಿನ ಬೇಸ್ ಇದರಲ್ಲಿ ಆಕ್ಟೇವಿಗೆ, ಅಂದರೆ ಕಂಪನ ಅರ್ಧಕ್ಕಿಳಿದಾಗಲೆಲ್ಲ, 12 ಡೆಸಿಬೆಲ್ ಇಳಿಯುತ್ತದೆ ನಿಜ. ಆದರೆ ಕಿಟಕಿ ಮುಚ್ಚಿದ ಕಾರು ಚಿಕ್ಕ ಕೋಣೆ. ಕೆಳಗಿನ ಸದ್ದನ್ನು ಅದೇ ಏರಿಸಿಕೊಡುತ್ತದೆ, ಆ ಇಳಿತದ ದೊಡ್ಡ ಪಾಲು ತುಂಬಿಹೋಗುತ್ತದೆ. ಮನೆಯಲ್ಲಿ ಬಡಕಲು ಅನಿಸುವ ಸೀಲ್ಡ್ ಬಾಕ್ಸ್ ಕಾರಿನಲ್ಲಿ ತುಂಬಿದಂತೆ ಕೇಳುವುದು ಇದಕ್ಕೇ.

ಪೋರ್ಟೆಡ್ ಕೆಟ್ಟದ್ದಲ್ಲ. ಮದುವೆ ಮೆರವಣಿಗೆಯ ಹಾಡು, ಡಿಜೆ ಬೀಟು ಕೇಳುವ ಹುಡುಗರಿಗೆ ನಾನು ಇವತ್ತೂ ಅದನ್ನೇ ಹೇಳುತ್ತೇನೆ. ಅದೇ ವ್ಯಾಟಿಗೆ ಟ್ಯೂನಿಂಗ್ ಹತ್ತಿರ ಸದ್ದು ಹೆಚ್ಚು. ಆದರೆ ಜಾಗ ಸೀಲ್ಡಿಗಿಂತ ಒಂದೂವರೆ, ಎರಡು ಪಟ್ಟು ಬೇಕು. ಪೋರ್ಟಿನ ಬಾಯಿ ಕಿರಿದಾದರೆ ಗಾಳಿ ಬುಸ್ ಅನ್ನುತ್ತದೆ. ಘನ ಅಡಿಗೆ 12ರಿಂದ 16 ಚದರ ಇಂಚು ಬಿಡಬೇಕು. ಟ್ಯೂನಿಂಗ್‌ಗಿಂತ ಕೆಳಗೆ ಕೋನಿಗೆ ಗಾಳಿಯ ಹಿಡಿತವೇ ಇರುವುದಿಲ್ಲ, ಆದ್ದರಿಂದ ಆಂಪಿನಲ್ಲಿ ತೀರಾ ತಗ್ಗಿನ ಸದ್ದನ್ನು ತಡೆಯುವ ಸಬ್‌ಸೋನಿಕ್ ಫಿಲ್ಟರ್ ಹಾಕಲೇಬೇಕು. ಹಾಕದೆ ಕಾಯಿಲ್ ಕಳೆದುಕೊಂಡ ಊಫರುಗಳನ್ನು ನಾನೇ ಬಿಚ್ಚಿದ್ದೇನೆ. ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇರುವವರಿಗೆ ಸೀಟ್ ಕೆಳಗಿನ ಚಿಕ್ಕ ಸಬ್ ಸಾಕು ಅನ್ನುತ್ತೇನೆ.

ಹಲಗೆಯ ಬಗ್ಗೆ ಒಂದು ಮಾತು. ಬೆಂಗಳೂರಿಗೆ ಎಂಡಿಎಫ್ ಚೆನ್ನ, ಭಾರವಾಗಿದೆ, ಅದುರುವುದಿಲ್ಲ. ಮಡಿಕೇರಿ, ಸಾಗರ, ಉಡುಪಿ ಕಡೆಯ ಗಾಡಿಯಾದರೆ ನಾನು ಒಳ್ಳೆಯ ಪ್ಲೈವುಡ್ಡೇ ಹಾಕುವುದು. ಮಳೆಗಾಲದ ತೇವಕ್ಕೆ ಎಂಡಿಎಫ್ ಅಂಚು ಬ್ರೆಡ್ಡಿನ ಹಾಗೆ ಉಬ್ಬಿ ಜಾಯಿಂಟ್ ಬಿಡುತ್ತದೆ.

ಮೇಷ್ಟ್ರ ಬಾಕ್ಸನ್ನು ನನ್ನ ಖರ್ಚಿನಲ್ಲೇ ಮತ್ತೆ ಮಾಡಿದೆ. ಒಳ ಅಳತೆ 15, 13, 12 ಇಂಚು: 1.35 ಘನ ಅಡಿ. ಊಫರಿನ ಜಾಗ ಕಳೆದು 1.25, ಅಂದರೆ ಸುಮಾರು 35 ಲೀಟರ್. ಕಾಗದದ ಇನ್ನೆರಡು ಅಂಕಿ, ಕ್ಯುಟಿಎಸ್ (ಊಫರಿನ ಒಟ್ಟು ತಡೆಯ ಅಂಕಿ) 0.45, ವಿಎಎಸ್ (ಊಫರಿನ ಸ್ಪ್ರಿಂಗಿಗೆ ಸಮನಾದ ಗಾಳಿಯ ಜಾಗ) 52 ಲೀಟರ್, ಇವುಗಳನ್ನು ಸೂತ್ರದಲ್ಲಿ ಹಾಕಿದರೆ ಬಾಕ್ಸೂ ಸೇರಿ ಒಟ್ಟು ಕ್ಯು ಸರಿಯಾಗಿ 0.7 ಬರುವ, ಅಂದರೆ ಬೇಸ್ ಒಂದೇ ಕಡೆ ಗುಡ್ಡೆಯಾಗದ, ಅಳತೆ ಅದು. ಫೆವಿಕಾಲ್ ಹಚ್ಚಿ ಸ್ಕ್ರೂ ಬಿಗಿದು, ಒಳಮೂಲೆಗಳಿಗೆಲ್ಲ ಸಿಲಿಕೋನ್ ಎಳೆದು ಒಂದು ರಾತ್ರಿ ಒಣಗಲು ಬಿಟ್ಟೆ. ಬೆಳಿಗ್ಗೆ ಗಾಳಿ ಸೋರುತ್ತಿದೆಯೇ ಅಂತ ನೋಡಲು ಆಚಾರ್ರು ಊದುಬತ್ತಿ ಹಚ್ಚಿದರು. ನಾನು ಸಣ್ಣಗೆ ಬೇಸ್ ಹಾಕಿದೆ. ಅವರು ಹೊಗೆಯನ್ನು ಸಂದುಗಳ ಉದ್ದಕ್ಕೂ ನಿಧಾನ ಒಯ್ದರು. ವೈರ್ ಸಿಕ್ಕಿಸುವ ಟರ್ಮಿನಲ್ ಕಪ್ ಹತ್ತಿರ ಹೊಗೆ ನಡುಗಿತು. ಅಲ್ಲಿ ಇನ್ನೊಂದು ಸುತ್ತು ಸಿಲಿಕೋನ್ ಹಾಕಿದೆವು. ಆಮೇಲೆ ಕೋನನ್ನು ನಾಲ್ಕು ಬೆರಳಿಂದ ಮೆಲ್ಲಗೆ ಒತ್ತಿ ಬಿಟ್ಟರೆ ಅದು ಸಾವಕಾಶವಾಗಿ ಮೇಲೆ ಬಂತು.

ಸೆಡಾನ್ ಆದ್ದರಿಂದ ಊಫರಿನ ಮುಖವನ್ನು ಹಿಂಬದಿಗೆ ತಿರುಗಿಸಿ, ಸೀಟಿನ ಬೆನ್ನಿಗೆ ಬಾಕ್ಸ್ ಆನಿಸಿ ಬೆಲ್ಟ್ ಹಾಕಿದೆ. ಮೇಷ್ಟ್ರು ಅದೇ ರೆಕಾರ್ಡಿಂಗ್ ಹಾಕಿದರು. ಗಾಜು ಅದುರಲಿಲ್ಲ. ಅವರ ಎಡಗೈ ಸ್ಟೀರಿಂಗ್ ಮೇಲೆ ತಾನಾಗಿ ಒತ್ತಿ ಜಾರಿತು, ಅದೇ ಗಳಿಗೆಗೆ ಹಿಂದಿನಿಂದ ಗುಮ್ಕಿಯೂ ಜಾರಿತು. "ಬಂತು ನೋಡಪ್ಪ" ಅಂದರು.

ಈಗ ಗಾಡಿ ಒಳಗೆ ಬಂದ ಕೂಡಲೇ ಟೇಪ್ ತೆಗೆಯುವುದಿಲ್ಲ. "ಸಾರ್, ದಿನಾ ಏನು ಕೇಳ್ತೀರಿ? ಒಂದು ಹಾಡು ಹಾಕಿ" ಅನ್ನುತ್ತೇನೆ.