ಹಾಲ್‌ನ ಆ ತುದಿಯಿಂದ ಅಮ್ಮ ಮಾತಾಡಿದರೆ

ಬೆರಳಿನ ಗಂಟು ನೋವು ಜಾಸ್ತಿಯಾದ ಮೇಲೆ ಅಮ್ಮ ಟೈಪ್ ಮಾಡುವುದನ್ನು ಬಿಟ್ಟರು, ಆದರೆ ಬರೆಯುವ ಆಸೆ ಬಿಟ್ಟಿರಲಿಲ್ಲ. ಅಜ್ಜಿ ಮಾಡುತ್ತಿದ್ದ ಅಡುಗೆಗಳನ್ನೆಲ್ಲ ಬರೆದಿಡಬೇಕು ಅನ್ನುತ್ತಲೇ ಇದ್ದರು. ಬಾಯಲ್ಲಿ ಹೇಳಿದ್ದನ್ನು ಅಕ್ಷರ ಮಾಡಿಕೊಡುವ ಪ್ರೋಗ್ರಾಂ ಇದೆ, ಆದರೆ ಅದಕ್ಕೆ ಫೋನ್ ಬಾಯಿ ಹತ್ತಿರ ಹಿಡಿದುಕೊಂಡರೆ ಕೈ ನೋವು, ಹೆಡ್‌ಸೆಟ್ ಹಾಕಿದರೆ ಕಿವಿ ಬಿಸಿ. ಅದಕ್ಕೇ ದೂರದಿಂದ ಮಾತಾಡಿದರೂ ಹಿಡಿಯುವ, ನಾಲ್ಕು ಮೈಕ್ ಇರುವ ಒಂದು ದುಂಡನೆಯ ಬೋರ್ಡ್ ತರಿಸಿ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದೆ.

ನಾಲ್ಕು ಯಾಕೆ ಅಂದರೆ, ದನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ಹಾಗಾಗಿ ಒಂದೊಂದು ಮೈಕ್‌ಗೂ ಚೂರು ಹಿಂದೆಮುಂದೆ ತಲುಪುತ್ತದೆ. ಆ ವ್ಯತ್ಯಾಸ ಒಂದು ಮಿಲಿಸೆಕೆಂಡ್ ಕೂಡ ಇರಲ್ಲ. ಆದರೂ ಮಾತು ಯಾವ ಕಡೆಯಿಂದ ಬಂತು ಅಂತ ಲೆಕ್ಕ ಹಾಕಿ, ಆ ದಿಕ್ಕಿನ ದನಿಯನ್ನೇ ಎತ್ತಿ ಕೊಡೋದಕ್ಕೆ ಅಷ್ಟು ಸಾಕು. ಮಾತಿಗೆ ಉತ್ತರ ಕೊಡುವ ಸ್ಪೀಕರ್, 2014ರ ಮೊದಲ ಅಮೆಜಾನ್ ಎಕೋದಲ್ಲಿ ಇಂಥ ಏಳು ಮೈಕ್ ಇದ್ದವು.

ಭಾನುವಾರ ಬೆಳಿಗ್ಗೆ ಟೇಪ್ ಹಿಡಿದು ನೆಲದ ಮೇಲೆ 1, 2, 4 ಮೀಟರ್‌ಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಅಮ್ಮ ಪ್ರತಿ ಗುರುತಿನ ಹತ್ತಿರವೂ ಕುರ್ಚಿ ಹಾಕಿಕೊಂಡು ಅದೇ ಹುಳಿಯ ವಿಧಾನ ಹೇಳಬೇಕು. ಸ್ವಲ್ಪ ಜೋರಾಗಿ ಹೇಳಿ ಅಂದಿದ್ದಕ್ಕೆ, 'ನಾನ್ಯಾಕೆ ಕಿರುಚಲಿ, ದೂರದಿಂದ ಕೇಳುತ್ತೆ ಅಂತ ತಾನೇ ತಂದಿದ್ದು?' ಅಂದರು. ಅದು ಸರಿಯಾದ ಮಾತೇ. ಮನೆಯಲ್ಲಿ ಹೇಗೆ ಮಾತಾಡುತ್ತಾರೋ ಹಾಗೆ ಮಾತಾಡಿದರೇನೇ ಪರೀಕ್ಷೆ.

1 ಮೀಟರ್‌ನಲ್ಲಿ ಚೆನ್ನಾಗಿ ಬಂತು, ಅಲ್ಲಲ್ಲಿ ಳಕಾರ ಲಕಾರ ಆಗಿದ್ದು ಬಿಟ್ಟರೆ. 2 ಮೀಟರ್‌ಗೆ ಪದಗಳ ಕೊನೆ ಸವೆಯಲು ಶುರುವಾಯಿತು. 4ರಲ್ಲಿ 'ಇದಕ್ಕೆ ಬೆಳ್ಳುಳ್ಳಿ ಹಾಕೋದಿಲ್ಲ' ಅಂದಿದ್ದು 'ಬೆಳ್ಳುಳ್ಳಿ ಹಾಕೋದು' ಆಯಿತು! ಕನ್ನಡದಲ್ಲಿ ಹೌದೋ ಅಲ್ಲವೋ, ಯಾರು ಮಾಡಿದ್ದು, ಯಾವಾಗ ಮಾಡಿದ್ದು, ಎಲ್ಲ ಇರೋದು ವಾಕ್ಯದ ಬಾಲದಲ್ಲಿ ಅಲ್ವಾ, ನಾವು ದನಿ ಇಳಿಸೋದೂ ಅಲ್ಲೇ. ದೂರದ ಮೈಕ್ ಮೊದಲು ಕಳೆದುಕೊಳ್ಳೋದು ಅದನ್ನೇ.

ಮೈಕ್‌ನ ಗೇನ್, ಅಂದರೆ ಬಂದ ದನಿಯನ್ನು ಎಷ್ಟು ದೊಡ್ಡದು ಮಾಡಬೇಕು ಅನ್ನೋದು, ಜಾಸ್ತಿ ಮಾಡಿದರೆ ಫ್ಯಾನಿನ ಸದ್ದೂ ಜೊತೆಗೇ ಏರಿತು. ರೆಕಾರ್ಡ್ ಆದದ್ದನ್ನು ಕೇಳಿದಾಗ ಗೊತ್ತಾಯಿತು, ತೊಂದರೆ ಇರೋದು ದನಿ ಸಣ್ಣಗಾಗಿದ್ದರಲ್ಲಿ ಅಲ್ಲ, ಕೋಣೆಯಲ್ಲಿ. ದೂರ ಎರಡರಷ್ಟಾದರೆ ಬಾಯಿಂದ ನೇರ ಬರುವ ದನಿ 6 ಡೆಸಿಬೆಲ್ ಇಳಿಯುತ್ತದೆ, ಗೋಡೆ ನೆಲಕ್ಕೆ ಬಡಿದು ಬರುವ ಮಾರ್ದನಿ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ನಮ್ಮ ಹಾಲ್ ಪೂರ್ತಿ ಟೈಲ್ಸ್, ಬೋಳು ಗೋಡೆ, ಚಪ್ಪಾಳೆ ತಟ್ಟಿದರೆ ಝಣ್ ಅನ್ನುತ್ತದೆ.

ಅಟ್ಟದಿಂದ ಜಮಖಾನ ತೆಗೆದು ಹಾಸಿದೆ. ಎದುರಿನ ಗೋಡೆಗೆ ಎರಡು ದಪ್ಪ ರಜಾಯಿ ನೇತುಹಾಕಿದೆ, ಮೈಕನ್ನು ಫ್ಯಾನಿನ ಗಾಳಿ ನೇರ ಬೀಳದ ಕಪಾಟಿಗೆ, ಕೂತವರ ಬಾಯಿಯ ಎತ್ತರಕ್ಕೆ ತಂದಿಟ್ಟೆ. ಅಷ್ಟಕ್ಕೇ 'ಹಾಕೋದಿಲ್ಲ' 4 ಮೀಟರ್‌ನಿಂದಲೂ ಪೂರ್ತಿಯಾಗಿ ಬಂತು. ನಮ್ಮೂರ ಕಡೆಯ ಟೈಲ್ಸ್ ಮನೆಗಳಲ್ಲಿ ಇನ್ನೂ ದುಬಾರಿ ಮೈಕ್ ಕೊಳ್ಳುವ ಮೊದಲು ದಪ್ಪ ಕರ್ಟನ್ ಕೊಳ್ಳಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಕುಕ್ಕರ್ ಕೂಗಿದರೆ ಒಂದೆರಡು ಪದ ಹೋಗುತ್ತದೆ, ಅಷ್ಟೇ. ಮಿಕ್ಸಿಗೆ ಏನೂ ಮಾಡಲಾಗಲಿಲ್ಲ. ಟಿವಿ ಇನ್ನೂ ಕಷ್ಟ, ಅದೂ ಮನುಷ್ಯರ ಮಾತೇ ಆದ್ದರಿಂದ ಸೀರಿಯಲ್‌ನ ಅತ್ತೆಯ ಮಾತೂ ಹುಳಿಯೊಳಗೆ ಸೇರಿಕೊಂಡಿತು. ಯಾರೂ ಮಾತಾಡದೆ ಬರೀ ಫ್ಯಾನ್ ತಿರುಗುತ್ತಿದ್ದಾಗಲೂ ಪರದೆಯ ಮೇಲೆ ಪದಗಳು ಮೂಡುತ್ತಿದ್ದವು, ಮಾತು ಇದೆಯೋ ಇಲ್ಲವೋ ಅಂತ ಮೊದಲೇ ನೋಡುವ ಒಂದು ಸಣ್ಣ ಪ್ರೋಗ್ರಾಂ ಮುಂದೆ ಹಾಕಿದ ಮೇಲೆ ಅದು ಕಮ್ಮಿಯಾಯಿತು.

ಸಂಜೆ ಅಮ್ಮ ತಮ್ಮ ಕುರ್ಚಿಯಲ್ಲೇ ಕೂತು, ಕೈ ಮಡಿಲಲ್ಲಿಟ್ಟುಕೊಂಡು ಗೊಜ್ಜಿನದ್ದು ಪೂರ್ತಿ ಹೇಳಿದರು. ಅದನ್ನು ಓದಿ ತಿದ್ದಿ ಇಟ್ಟಿದ್ದೇನೆ. ಮುಂದಿನ ವಾರ ಚಿಕ್ಕಮ್ಮ ಬರುತ್ತಾರೆ, ಇಬ್ಬರೂ ಒಟ್ಟಿಗೆ ಮಾತಾಡುವಾಗ ಯಾವುದು ಯಾರ ಮಾತು ಅಂತ ದಿಕ್ಕು ನೋಡಿ ಬೇರೆ ಮಾಡಲು ಆಗುತ್ತದಾ ನೋಡಬೇಕು.