ಹಾಗಾದರೆ ಟೀಚರ್ ಪಾಠ ಹೇಳಲೇಬಾರದಾ?

ರಚನಾವಾದದ ಮಾತು ಬಂದಾಗಲೆಲ್ಲ ಹೊಸ ಶಿಕ್ಷಕರು ನನ್ನನ್ನು ಕೇಳುವುದು ಇದನ್ನೇ. ತಿಳಿವಳಿಕೆಯನ್ನು ಮಕ್ಕಳು ತಾವೇ ಕಟ್ಟಿಕೊಳ್ಳುತ್ತಾರೆ ಅನ್ನುತ್ತೀರಿ. ಹಾಗಾದರೆ ನಾವು ವಿವರಿಸಬಾರದಾ? ಚಟುವಟಿಕೆ ಕೊಟ್ಟು ಸುಮ್ನೆ ನಿಂತಿರಬೇಕಾ?

ಹೇಳಲೇಬೇಕು. ಆದರೆ ಮೊದಲು ಕೇಳಿ, ಆಮೇಲೆ ಹೇಳಿ.

ದಶಮಾಂಶದ ಪಾಠವನ್ನು ನಾನು ಒಂದು ಪ್ರಶ್ನೆಯಿಂದ ಶುರು ಮಾಡುತ್ತೇನೆ. 0.35, 0.8 ಇವೆರಡರಲ್ಲಿ ಯಾವುದು ದೊಡ್ಡದು? ಪ್ರತಿ ಸಲವೂ ಒಂದಷ್ಟು ಕೈಗಳು 0.35ಕ್ಕೇ ಏಳುತ್ತವೆ. “8ಕ್ಕಿಂತ 35 ಜಾಸ್ತಿ ಅಲ್ವಾ ಟೀಚರ್?” ಈ ಮಗು ಚೆನ್ನಾಗಿಯೇ ಯೋಚಿಸಿದೆ. ಪೂರ್ಣ ಸಂಖ್ಯೆಗಳಲ್ಲಿ ಇಷ್ಟು ವರ್ಷ ಕೈಬಿಡದ ನಿಯಮವನ್ನೇ ಇಲ್ಲಿಗೂ ತಂದಿದೆ. “ತಪ್ಪು, 8ರ ಮುಂದೆ ಸೊನ್ನೆ ಹಾಕಿ ನೋಡು” ಅಂದುಬಿಟ್ಟರೆ ಅದು ಸೊನ್ನೆ ಹಾಕುವುದನ್ನು ಕಲಿಯುತ್ತದೆ, ಅಷ್ಟೇ. ಹಳೆಯ ನಿಯಮ ಒಳಗೆ ಹಾಗೇ ಕೂತಿರುತ್ತದೆ.

ಆದ್ದರಿಂದ ಮೀಟರ್ ಪಟ್ಟಿ, ದಾರ, ಕತ್ತರಿ ಕೊಡುತ್ತೇನೆ. ಒಂದು ಮೀಟರನ್ನು ಹತ್ತು ಸಮಭಾಗ ಮಾಡಿ ಎಂಟು ತಗೊಂಡರೆ 0.8, ನೂರು ಭಾಗ ಮಾಡಿ ಮೂವತ್ತೈದು ತಗೊಂಡರೆ 0.35. ಇದನ್ನು ಮಾತ್ರ ನಾನೇ ಹೇಳುತ್ತೇನೆ. ಬರೆಯುವ ಪದ್ಧತಿ ಜನ ಮಾಡಿಕೊಂಡ ಒಪ್ಪಂದ, ಯಾವ ಮಗುವೂ ಅದನ್ನು ತಾನಾಗಿ ಕಂಡುಹಿಡಿಯಲಾರದು. ಎರಡು ದಾರಗಳನ್ನು ಪಕ್ಕಪಕ್ಕ ಇಟ್ಟಾಗ ತರಗತಿ ಒಂದು ಗಳಿಗೆ ಸುಮ್ಮನಾಗುತ್ತದೆ. ಆಮೇಲೆ ವಾದ ಶುರು. ಒಮ್ಮೆ ಹಿಂದಿನ ಬೆಂಚಿನಿಂದ ಒಂದು ದನಿ ಬಂತು: “ಹಾಗಾದ್ರೆ 0.8, 0.80 ಎರಡೂ ಒಂದೇನಾ?” ಸ್ಥಾನಬೆಲೆ ವಿವರಿಸಲು ಇದಕ್ಕಿಂತ ಒಳ್ಳೆಯ ಹೊತ್ತು ನನಗೆ ಸಿಕ್ಕಿಲ್ಲ. ಆ ದಿನ ಎಲ್ಲರ ಕಿವಿಯೂ ನನ್ನ ಕಡೆಗಿತ್ತು.

ಕೇಳದೆ ಹೇಳಿದರೆ ಏನಾಗುತ್ತದೆ ಅನ್ನುವುದಕ್ಕೆ ಮನಶ್ಶಾಸ್ತ್ರಜ್ಞರಾದ ಸ್ಟೆಲ್ಲಾ ವೊಸ್ನಿಯಾಡು ಮತ್ತು ವಿಲಿಯಂ ಬ್ರೂವರ್ 1992ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಪದೇ ಪದೇ ನೆನಪಾಗುತ್ತದೆ. ಭೂಮಿ ದುಂಡಗಿದೆ ಅಂತ ಮಕ್ಕಳಿಗೆ ಗೊತ್ತಿತ್ತು. ಆದರೆ ಕೆದಕಿ ಕೇಳಿದಾಗ, ಭೂಮಿ ಟೊಳ್ಳು ಚೆಂಡು, ನಾವು ಅದರೊಳಗಿನ ಚಪ್ಪಟೆ ನೆಲದ ಮೇಲೆ ಇದ್ದೇವೆ ಅನ್ನುವಂಥ ಚಿತ್ರಗಳು ಕೆಲವರ ತಲೆಯಲ್ಲಿದ್ದವು. ಕಣ್ಣಿಗೆ ಕಾಣುವ ಚಪ್ಪಟೆ ನೆಲವನ್ನೂ ಟೀಚರ್ ಹೇಳಿದ ದುಂಡು ಭೂಮಿಯನ್ನೂ ಅವರು ಹೀಗೆ ಹೊಂದಿಸಿಕೊಂಡಿದ್ದರು. ಪರೀಕ್ಷೆಯಲ್ಲಿ “ದುಂಡಗೆ” ಅಂತ ಬರೆದರೆ ಪೂರ್ತಿ ಅಂಕ ಸಿಗುತ್ತದೆ ಅಲ್ವಾ? ನನಗೆ ಭಯ ಹುಟ್ಟಿಸುವುದು ಅದೇ.

ಹಾಗಂತ ಮಕ್ಕಳನ್ನು ಅವರ ಪಾಡಿಗೆ ಬಿಡುವುದನ್ನು ನಾನು ಒಪ್ಪುವುದಿಲ್ಲ. ವಿಷಯಕ್ಕೆ ಹೊಸಬರಾದವರು ಮಾರ್ಗದರ್ಶನವಿಲ್ಲದೆ ಒದ್ದಾಡುತ್ತಾರೆ ಅಂತ ಶಿಕ್ಷಣ ಸಂಶೋಧಕರಾದ ಕಿರ್ಶ್ನರ್, ಸ್ವೆಲ್ಲರ್, ಕ್ಲಾರ್ಕ್ 2006ರಲ್ಲಿ ಬರೆದ ಟೀಕೆಯನ್ನು ರಚನಾವಾದ ಮೆಚ್ಚುವವರೂ ಓದಬೇಕು. ಎಷ್ಟು ನೆರವು ಕೊಡಬೇಕು, ಯಾವಾಗ ಕೈ ಹಿಂದೆಗೆಯಬೇಕು ಅನ್ನುವುದೇ ಈ ಕೆಲಸದ ಕಷ್ಟದ ಭಾಗ. ನಾನು ಇನ್ನೂ ಅದನ್ನು ಕಲಿಯುತ್ತಿದ್ದೇನೆ.

ಸಿಲಬಸ್ ಮುಗಿಯುತ್ತದಾ ಅಂತಲೂ ಕೇಳುತ್ತಾರೆ. ಎಲ್ಲ ಪಾಠಕ್ಕೂ ದಾರ, ಕತ್ತರಿ ಬೇಕಿಲ್ಲ. ದಶಮಾಂಶಕ್ಕೆ ಎರಡು ಪೀರಿಯಡ್ ಜಾಸ್ತಿ ಹೋಗುತ್ತದೆ, ನಿಜ. ಆದರೆ ಶೇಕಡಾ ಪಾಠಕ್ಕೆ ಬಂದಾಗ ಮಕ್ಕಳು ತಾವೇ “ನೂರು ಭಾಗದಲ್ಲಿ ಎಷ್ಟು, ಅದೇ ತಾನೇ?” ಅನ್ನುತ್ತಾರೆ, ಅಲ್ಲಿ ಆ ಸಮಯ ವಾಪಸ್ ಸಿಗುತ್ತದೆ.