ಬಕೆಟ್ಟಿಗೆ ನೀರು ತುಂಬಿದ ಹಬ್ಬ

"ಮಾಮ, ನಿನ್ನ ಹಂಡೆ ಅಲ್ಲೂ ಅಟ್ಟದ ಮೇಲೇ ಇದ್ಯಾ?"

ಶನಿವಾರ ಸಂಜೆ ವಿಡಿಯೋ ಕಾಲಿನಲ್ಲಿ ಅಕ್ಕನ ಮಗಳು ಹೀಗೆ ಕೇಳಿದಳು. ಐದು ವರ್ಷ ಅವಳಿಗೆ. ದೀಪಾವಳಿ ಹಬ್ಬಕ್ಕೆ ಅಂತ ಆಗಲೇ ತಿಪಟೂರಿಗೆ ಬಂದಿಳಿದಿದ್ದಳು. "ಇಲ್ಲಿ ಅಟ್ಟಾನೇ ಇಲ್ಲ ಪುಟ್ಟಿ, ಇನ್ನು ಹಂಡೆ ಎಲ್ಲಿಂದ ಬರಬೇಕು" ಅಂತ ನಕ್ಕೆ. ಅವಳೂ ನಕ್ಕಳು. ಹಿಂದಿನಿಂದ ಅಮ್ಮ ಏನೋ ಗದರಿದ ಹಾಗೆ ಕೇಳಿಸಿತು, ಫೋನು ಅಕ್ಕನ ಕೈಗೆ ಹೋಯಿತು, ಮಾತು ಕಜ್ಜಾಯದ ಪಾಕದ ಕಡೆಗೆ ತಿರುಗಿತು.

ಫೋನ್ ಇಟ್ಟ ಮೇಲೆ ಹೊಳೆಯಿತು. ನೀರು ತುಂಬುವ ಹಬ್ಬಕ್ಕೆ ಹಂಡೆ ಇಲ್ಲದಿದ್ದರೇನಂತೆ, ಬಕೆಟ್ಟಿಗೇ ತುಂಬಿಸಿದರಾಯ್ತು ಅಲ್ವಾ? ಆದರೆ ನಮ್ಮ ಮನೆಯಲ್ಲಿ ಬಕೆಟ್ಟೂ ಇರಲಿಲ್ಲ. ನೆಲ ಒರೆಸುವುದೊಂದಿತ್ತು, ಅದು ಲೆಕ್ಕಕ್ಕಿಲ್ಲ.

ನಾನು ಜರ್ಮನಿಯ ಕೆಮ್‌ನಿಟ್ಸ್‌ಗೆ ಓದಲು ಬಂದು ಆಗ ಐದು ವಾರ. ಪೂರ್ವ ಜರ್ಮನಿಯ ಕಾಲದಲ್ಲಿ, 1953ರಿಂದ 1990ರವರೆಗೆ, ಈ ಊರಿನ ಹೆಸರು ಕಾರ್ಲ್ ಮಾರ್ಕ್ಸ್ ಸ್ಟಾಟ್. ಊರ ನಡುವೆ ಈಗಲೂ ಮಾರ್ಕ್ಸ್‌ನ ತಲೆ ಇದೆ. ಬರೀ ತಲೆ, ಅದೇ ಏಳು ಮೀಟರ್ ಎತ್ತರ. ಮೊದಲ ದಿನ ಅದರ ಮುಂದೆ ನಿಂತು ಫೋಟೋ ತೆಗೆದು ಮನೆಗೆ ಕಳಿಸಿದಾಗ ಅಪ್ಪ "ಇವರು ಯಾವ ದೇವರು" ಅಂತ ಕೇಳಿದ್ದರು. ಸುಮ್ನೆ ತಮಾಷೆಗೆ ಕೇಳಿದ್ದೋ, ನಿಜವಾಗಿಯೂ ಕೇಳಿದ್ದೋ, ಅಪ್ಪನ ವಿಷಯದಲ್ಲಿ ಹೇಳುವುದು ಕಷ್ಟ.

ಇಲ್ಲಿ ಭಾನುವಾರ ಅಂಗಡಿಗಳು ಬಂದ್. ಇದು ಗೊತ್ತಿಲ್ಲದೆ ಮೊದಲ ಭಾನುವಾರ ಪೂರ್ತಿ ಬ್ರೆಡ್ಡಿಗೆ ಚಟ್ನಿಪುಡಿ ಉದುರಿಸಿಕೊಂಡು ಕಳೆದಿದ್ದೆ. ಹಾಗಾಗಿ ಶನಿವಾರವೇ ಓಡಿದೆ. ಮುಚ್ಚುವ ಹೊತ್ತಿಗೆ ಸರಿಯಾಗಿ ಸಿಕ್ಕಿದ್ದು ಒಂದು ಕಪ್ಪು ಬಕೆಟ್. ಮೂರು ಯೂರೋ ಚಿಲ್ಲರೆ. ನೂರರಿಂದ ಗುಣಿಸುವ ಚಟ ಇನ್ನೂ ಹೋಗಿಲ್ಲ ನನಗೆ. ಮುನ್ನೂರು ರೂಪಾಯಿ ಬಕೆಟ್ಟಾ ಅಂತ ಕೈ ಹಿಂದೆ ಬಂತು, ಮತ್ತೆ ಮುಂದೆ ಹೋಯಿತು. ಈ ಗುಣಾಕಾರ ಶುರುವಾದದ್ದು ವೀಸಾ ಹೊತ್ತಿನಲ್ಲೇ. ಖರ್ಚಿನ ದುಡ್ಡು ಮುಂಚೆಯೇ ಕಟ್ಟಿಡುವ ಬ್ಲಾಕ್ಡ್ ಅಕೌಂಟಿನಲ್ಲಿ 11,904 ಯೂರೋ ತೋರಿಸಬೇಕಿತ್ತು, ಹನ್ನೆರಡು ಲಕ್ಷದ ಹತ್ತಿರ. ಅದರಲ್ಲಿ ತಿಂಗಳಿಗೆ 992 ಯೂರೋ ನನ್ನ ಕೈಗೆ ಬರುತ್ತದೆ. ನನ್ನದೇ ದುಡ್ಡು ಅಂತ ಬ್ಯಾಂಕು ಹೇಳುತ್ತದೆ. ಯಾರದ್ದು ಅಂತ ನನಗೆ ಗೊತ್ತು. ಅಪ್ಪನ ತೋಟದ್ದು.

ಬಕೆಟ್ ಸಿಕ್ಕಿತು, ಚೆಂಡು ಹೂವು ಸಿಗಲಿಲ್ಲ. ಗುಲಾಬಿ ಇತ್ತು, ಸೇವಂತಿಗೆ ಕುಂಡ ಇತ್ತು. ಹಂಡೆಯ ಕುತ್ತಿಗೆಗೆ ಗುಲಾಬಿ ಕಟ್ಟಿದರೆ ಮದುವೆ ಕಾರಿನ ಹಾಗೆ ಕಾಣುತ್ತದೆ ಅನಿಸಿ ಬಿಟ್ಟು ಬಂದೆ.

ಭಾನುವಾರ ಬೆಳಿಗ್ಗೆಯಿಂದ ಭಾರಿ ಉತ್ಸಾಹ. ನಾವು ಇಬ್ಬರು ಈ ಮನೆಯಲ್ಲಿ. ರೂಮ್‌ಮೇಟ್ ಕೊಲ್ಹಾಪುರದವನು. ಅವರಲ್ಲೂ ನರಕ ಚತುರ್ದಶಿ ಅಭ್ಯಂಜನ ಜೋರು, ಅವನ ಚೀಲದಲ್ಲಿ ಉಟಣೆಯ, ಅಂದರೆ ಸ್ನಾನಕ್ಕೆ ಮೈಗೆ ಹಚ್ಚುವ ಪುಡಿಯ, ಪೊಟ್ಟಣವೇ ಇತ್ತು. ಸ್ನಾನಕ್ಕೆ ಮುಂಚೆ ಕಾಲಲ್ಲಿ ಒಂದು ಕಹಿ ಕಾಯಿ ತುಳಿದು ಒಡೆಯಬೇಕಂತೆ. ಅದು ಇಲ್ಲಿ ಎಲ್ಲಿ ಸಿಗಬೇಕು, ಬಾಟಲಿಯಲ್ಲಿ ನೆನೆಸಿದ ಸೌತೆಕಾಯಿ ಉಪ್ಪಿನಕಾಯಿ ಇತ್ತು, "ಇದನ್ನೇ ತುಳಿಯಲಾ" ಅಂತ ಕೇಳಿದ. ಬೇಡಪ್ಪ, ನೆಲ ಒರೆಸುವ ಸರದಿ ನನ್ನದು ಅಂದೆ.

ಬಕೆಟ್ ತೊಳೆದೆ. ಸುಣ್ಣ ಇಲ್ಲ, ಕೆಮ್ಮಣ್ಣು ಇಲ್ಲ. ಟೂತ್‌ಪೇಸ್ಟಿನಲ್ಲಿ ಬಿಳಿ ಗೆರೆ ಎಳೆದು ನಡುವೆ ಕುಂಕುಮ ಕಲಸಿ ಇಟ್ಟೆ. ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಚೆನ್ನಾಗಿಯೇ ಕಂಡಿತು, ಪುದೀನ ವಾಸನೆ ಒಂದು ಬಿಟ್ಟರೆ. ಗೆರೆ ಎಳೆಯುತ್ತಾ ಎಳೆಯುತ್ತಾ ನಮ್ಮ ತಾಮ್ರದ ಹಂಡೆ ನೆನಪಾಯಿತು. ಮನೆಗೆ ಸೋಲಾರ್ ಬಂದ ಮೇಲೆ ಅದು ಅಟ್ಟ ಸೇರಿತ್ತು. ವರ್ಷಕ್ಕೊಮ್ಮೆ, ಈ ಹಬ್ಬಕ್ಕೆ, ಕೆಳಗಿಳಿಯುತ್ತಿತ್ತು. ಇಳಿಸುವವನು ನಾನು. ಹುಣಸೆಹಣ್ಣು ಹಾಕಿ ತಿಕ್ಕುವವನೂ ನಾನು. ಹಿತ್ತಲಲ್ಲಿ ಮೂರು ಕಲ್ಲಿನ ಮೇಲೆ ಕೂರಿಸಿ, ತೆಂಗಿನ ಮಟ್ಟೆ, ಚಿಪ್ಪು ಹಾಕಿ ಉರಿ ಹಚ್ಚುವುದು ಅಪ್ಪ. ತಿಪಟೂರಿನಲ್ಲಿ ಮಟ್ಟೆಗೇನು ಬರ. ಬೆಳಗಿನ ಜಾವ ನಾಲ್ಕೂವರೆಗೆ ಹೊಗೆ ವಾಸನೆ ಮೂಗಿಗೆ ಬಂದರೆ ಎಬ್ಬಿಸಲು ಬರುತ್ತಿದ್ದಾರೆ ಅಂತ ಲೆಕ್ಕ, ಮುಸುಕು ಇನ್ನೂ ಬಿಗಿಯಾಗಿ ಹೊದೆಯುತ್ತಿದ್ದೆ.

ಇದು ನಾನು ಊರಲ್ಲಿದ್ದ ವರ್ಷಗಳ ಮಾತು. ಹಿಂದಿನ ವರ್ಷದ್ದು ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಮಧ್ಯಾಹ್ನ ಕಸ ಹಾಕಲು ಕೆಳಗಿಳಿದೆ. ಇಲ್ಲಿ ಕಸ ಹಾಕುವುದೇ ಒಂದು ಪರೀಕ್ಷೆ. ಕಾಗದಕ್ಕೊಂದು, ಪ್ಯಾಕಿಂಗಿಗೊಂದು, ಹಸಿ ಕಸಕ್ಕೊಂದು ಡಬ್ಬ. ಪ್ಲಾಸ್ಟಿಕ್ ಬಾಟಲಿ ಬಿಸಾಡಿದರೆ 25 ಸೆಂಟ್ ಬಿಸಾಡಿದ ಹಾಗೆ, ಅಂಗಡಿಗೆ ವಾಪಸ್ ಕೊಡಬೇಕು. ಗಾಜಿನ ಶೀಶೆಯನ್ನು ಭಾನುವಾರ ಹಾಕುವಂತೆಯೇ ಇಲ್ಲ, ಸದ್ದಾಗುತ್ತದೆ. ಇದನ್ನು ನನಗೆ ಕಲಿಸಿದ್ದು ಕೆಳಗಿನ ಮನೆಯ ಅಜ್ಜಿ, ಎರಡನೇ ವಾರ, ಕಿಟಕಿಯಿಂದ ತಲೆ ಹೊರಗೆ ಹಾಕಿ ಬೈದು. ನನಗೆ ಅರ್ಧ ಅರ್ಥವಾಗಲಿಲ್ಲ. ಅವರು ಶಾಲೆಯಲ್ಲಿ ಕಲಿತದ್ದು ರಷ್ಯನ್, ಇಂಗ್ಲಿಷ್ ಬರುವುದಿಲ್ಲ. ನನ್ನ ಜರ್ಮನ್ ಬೆಂಗಳೂರಿನ ಕ್ಲಾಸಿನ ಜರ್ಮನ್, ರೈಲ್ವೆ ಟಿಕೆಟ್ ಕೊಳ್ಳಲು ಸಾಕು, ಬೈಸಿಕೊಳ್ಳಲು ಸಾಲದು. ಅಂದಿನಿಂದ ಅವರನ್ನು ಕಂಡರೆ ಮೆಟ್ಟಿಲಲ್ಲೇ ನಿಂತು ಅವರು ಒಳಗೆ ಹೋಗುವವರೆಗೆ ಕಾಯುತ್ತಿದ್ದೆ.

ಆ ದಿನ ತಪ್ಪಿಸಿಕೊಳ್ಳಲು ಆಗಲಿಲ್ಲ. ಅವರು ಊರಾಚೆಯ ತಮ್ಮ ಪುಟ್ಟ ತೋಟದಿಂದ ಬರುತ್ತಿದ್ದರು. ಈ ಕಡೆ ಫ್ಲಾಟಿನಲ್ಲಿರುವವರು ಹೀಗೆ ಬೇರೆ ಕಡೆ ತುಂಡು ಜಾಗ ಹಿಡಿದು ಗಿಡ ಬೆಳೆಸುವುದು ಹಳೇ ರೂಢಿ. ಕೈಯಲ್ಲಿದ್ದ ಬುಟ್ಟಿಯ ಮೇಲೆ, ಬೇರು ಸಮೇತ ಕಿತ್ತ, ಕಿತ್ತಳೆ ಬಣ್ಣದ ಚೆಂಡು ಹೂವು!

ನಾನು ಬಾಗಿಲಿಗೆ ಅಡ್ಡ ನಿಂತುಬಿಟ್ಟೆ. ಆ ಭಾಷೆಯಲ್ಲಿ ಏನು ಕೇಳಿದೆನೋ. ಹಬ್ಬ, ನೀರು, ನಾಳೆ, ಹೂವು, ದಯವಿಟ್ಟು, ಇಷ್ಟು ಪದ ಯಾವ ಕ್ರಮದಲ್ಲೋ ಬಂದವು. ಅವರು ನನ್ನ ಮುಖ ನೋಡಿದರು, ಬುಟ್ಟಿ ನೋಡಿದರು. ಹಿಮ ಬೀಳುವ ಮೊದಲು ಕಿತ್ತು ಗೊಬ್ಬರಕ್ಕೆ ಹಾಕಲು ತಂದದ್ದಂತೆ. "ಸ್ಟುಡೆಂಟನ್‌ಬ್ಲೂಮೆ" ಅಂದರು. ಮತ್ತೆ ಬೆರಳಿನಿಂದ ಹೂವು ತೋರಿಸಿ, ನನ್ನನ್ನು ತೋರಿಸಿ ನಕ್ಕರು. ಚೆಂಡು ಹೂವಿಗೆ ಅವರಲ್ಲಿ ವಿದ್ಯಾರ್ಥಿ ಹೂವು ಅಂತಲೇ ಹೆಸರು! ಇಡೀ ಬುಟ್ಟಿ ಕೊಟ್ಟರು. ಬುಟ್ಟಿ ಮಾತ್ರ ವಾಪಸ್ ಬೇಕು ಅಂತ ಎರಡು ಸಲ ಹೇಳಿದರು, ಅದು ಪೂರ್ತಿ ಅರ್ಥವಾಯಿತು.

ಹೂವು ಬಿಡಿಸುತ್ತಾ ಕೂತೆ. ಎಲೆ ಉಜ್ಜಿದಾಗ ಬಂದ ಆ ಖಾರದಂಥ ವಾಸನೆ. ಅಲ್ಲಿಗೆ ನನ್ನ ಕೆಲಸ ನಿಂತಿತು.

ಹಿಂದಿನ ವರ್ಷ, 2024ರಲ್ಲಿ, ನರಕ ಚತುರ್ದಶಿ ಗುರುವಾರ ಬಂದಿತ್ತು. ಮರುದಿನ ರಾಜ್ಯೋತ್ಸವ, ಶನಿವಾರ ಬಲಿಪಾಡ್ಯಮಿ, ಆಮೇಲೆ ಭಾನುವಾರ. ನಾಲ್ಕು ದಿನ ಸತತ ರಜೆ. ನಾನಿದ್ದದ್ದು ಬೆಂಗಳೂರಿನಲ್ಲಿ. ತಿಪಟೂರಿಗೆ ಹೆಚ್ಚೆಂದರೆ ಎರಡೂವರೆ ಗಂಟೆ ರೈಲು. ಅಮ್ಮನಿಗೆ ಫೋನ್ ಮಾಡಿ "ಆಫೀಸಿನಲ್ಲಿ ರಿಲೀಸ್ ಇದೆ, ಬರೋಕೆ ಆಗಲ್ಲ" ಅಂದೆ. ರಿಲೀಸೂ ಇರಲಿಲ್ಲ, ಏನೂ ಇರಲಿಲ್ಲ. ಗೆಳೆಯರ ಜೊತೆ ಗೋಕರ್ಣಕ್ಕೆ ಹೋಗಿದ್ದೆ. ಇಲ್ಲಿಗೆ ಬರುವುದು ಅಷ್ಟರಲ್ಲಿ ಯೋಚನೆಯಲ್ಲಿತ್ತು, ಮುಂದಿನ ದೀಪಾವಳಿಗೆ ಬಹುಶಃ ಊರಲ್ಲಿರುವುದಿಲ್ಲ ಅಂತಲೂ ಗೊತ್ತಿತ್ತು. ಗೊತ್ತಿದ್ದೂ ಹೋದೆ. ಸಮುದ್ರದ ದಂಡೆಯಲ್ಲಿ ಚಹಾ ಕುಡಿಯುವಾಗ ಅಪ್ಪನ ಮೆಸೇಜು ಬಂತು, ಹಂಡೆಯ ಫೋಟೋ. ಅಮ್ಮನೇ ಇಳಿಸಿ, ತಿಕ್ಕಿ, ಪಳಪಳ ಮಾಡಿದ್ದಳು. "ಕೊನೇ ಗಳಿಗೆಯಲ್ಲಿ ಬರ್ತೀಯೇನೋ ಅಂತ ನಿನ್ನಮ್ಮ ಎರಡು ಸಲ ನೀರು ಕಾಯಿಸಿದಳು" ಅಂತ ಕೆಳಗೆ ಒಂದು ಸಾಲು. ನಾನು ಹಾರ್ಟ್ ಹಾಕಿ ಫೋನ್ ಜೇಬಿಗೆ ಇಟ್ಟೆ.

ಇದನ್ನು ಯಾರಿಗೂ ಹೇಳಿರಲಿಲ್ಲ.

ಸಂಜೆ ಇಬ್ಬರೂ ಸೇರಿ ನೀರು ತುಂಬಿದೆವು. ಶವರ್ ಬಿಚ್ಚಿ ಕೊಳವೆಯಿಂದ. ಮೂರು ನಿಮಿಷದ ಕೆಲಸ. ಒಂದು ದೀಪ ಕಿಟಕಿಯಲ್ಲಿ ಇಟ್ಟೆವು. ಊದುಬತ್ತಿ ಹಚ್ಚಲು ಧೈರ್ಯ ಬರಲಿಲ್ಲ, ಛಾವಣಿಯಲ್ಲಿ ಹೊಗೆಗೆ ಕಿರುಚುವ ಬಿಳಿ ಡಬ್ಬಿ ಕೂತಿದೆ.

ಸೋಮವಾರ ನನಗೆ ಏಳೂವರೆಗೇ ಕ್ಲಾಸು. ಇಲ್ಲಿ ಪಾಠ ಮುಗಿದಾಗ ಎಲ್ಲರೂ ಬೆಂಚು ಕುಟ್ಟುತ್ತಾರೆ, ಅದು ಮೇಷ್ಟ್ರಿಗೆ ಮರ್ಯಾದೆ. ನಮ್ಮಲ್ಲಿ ಕುಟ್ಟಿದರೆ ಹೊರಗೆ ನಿಲ್ಲಿಸುತ್ತಿದ್ದರು. ಬೇಗ ಏಳೋಣ ಅಂದರೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದು ಮಾಡುವಂತಿಲ್ಲ, ಕೆಳಗೆ ಅಜ್ಜಿ. ಆದರೆ ಒಂದು ಅನುಕೂಲ. ಅಕ್ಟೋಬರ್ 20ಕ್ಕೆ ಇಲ್ಲಿ ಸೂರ್ಯ ಹುಟ್ಟುವುದು ಏಳೂವರೆ ದಾಟಿದ ಮೇಲೆ. ಆರಕ್ಕೆ ಎದ್ದರೂ ಸೂರ್ಯೋದಯಕ್ಕೆ ಮುಂಚಿನ ಅಭ್ಯಂಜನವೇ. ಹರಳೆಣ್ಣೆ ಹಚ್ಚಿಕೊಂಡೆ. ನೆತ್ತಿಗೆ ನಾನೇ ತಟ್ಟಿಕೊಂಡೆ, ಅದರಲ್ಲಿ ಏನೂ ಮಜಾ ಇಲ್ಲ. ಶವರ್ ಡಬ್ಬಿಯೊಳಗೆ ಕುಕ್ಕರಗಾಲಲ್ಲಿ ಕೂತು, ಹಾಲು ಅಳೆಯುವ ಜಗ್ಗಿನಲ್ಲಿ ನೀರು ಹೊಯ್ದುಕೊಂಡೆ. ಸೀಗೆಪುಡಿ ಕಣ್ಣಿಗೆ ಹೋಯಿತು. ಚೆಂಡು ಹೂವು ನೀರಿಗೆ ಬಿದ್ದು ಜಗ್ಗಿನ ಜೊತೆ ತಲೆ ಮೇಲೆ ಬಂತು.

ಆರೂಕಾಲಿಗೆ ಮನೆಗೆ ಫೋನ್ ಮಾಡಿದೆ. ಅಲ್ಲಿ ಒಂಬತ್ತೂ ಮುಕ್ಕಾಲು. ಅಕ್ಕನ ಮಗಳು ಹೊಸ ಲಂಗದಲ್ಲಿ ಬಂದಳು. ನಾನು ಹೆಮ್ಮೆಯಿಂದ ಬಕೆಟ್ ತೋರಿಸಿದೆ.

"ಇಷ್ಟೇನಾ?" ಅಂದಳು.

"ಇಷ್ಟೇ. ಎಲ್ಲಿ, ನಿಮ್ಮ ಹಂಡೆ ತೋರಿಸು."

ಅವಳು ಹಿತ್ತಲಿಗೆ ಓಡಲಿಲ್ಲ. ಫೋನನ್ನು ಮೇಲಕ್ಕೆ ಎತ್ತಿ ಹಿಡಿದಳು. ಅಟ್ಟದ ಕತ್ತಲು, ಅದರಲ್ಲಿ ಗೋಣಿಚೀಲ ಹೊದ್ದುಕೊಂಡ ಗುಂಡಗಿನ ಒಂದು ಆಕಾರ. "ಅಜ್ಜಿ ಇಳಿಸಬೇಡ ಅಂದ್ರು. ಮಾಮ ಬಂದ ಮೇಲೆ ಅಂತೆ."

ಅಲ್ಲೂ ಅಟ್ಟದ ಮೇಲೇ ಇದ್ಯಾ ಅಂತ ಅವಳು ಶನಿವಾರವೇ ಕೇಳಿದ್ದಳು.

ಅಮ್ಮ ಫೋನ್ ಕಿತ್ತುಕೊಂಡಳು. "ಅದಕ್ಕೇನು, ನಲ್ಲೀಲಿ ಬಿಸಿನೀರು ಬರುತ್ತಲ್ಲ. ಮೂರು ಬಿಂದಿಗೆ ತುಂಬಿ ಪೂಜೆ ಮಾಡಿದೆ, ಸಾಕು. ನೀನು ನೆತ್ತಿಗೆ ಸರಿಯಾಗಿ ಎಣ್ಣೆ ಇಟ್ಕೊಂಡ್ಯಾ? ಆ ಚಳೀಲಿ ತಲೆ ಒರೆಸ್ಕೊಳ್ಳದೆ ಹೋಗ್ಬೇಡ. ಬಕೆಟ್ ಪೂರ್ತಿ ಬರಿದು ಮಾಡ್ಬೇಡ ಮತ್ತೆ, ಒಂದು ಚೊಂಬು ಉಳಿಸು."

"ಅಮ್ಮ, ಹೋದ ವರ್ಷ ಆಫೀಸಲ್ಲಿ..." ಅಂತ ಶುರು ಮಾಡಿದೆ.

"ಹೂಂ ಕಣೋ, ಪಾಪ, ಹಬ್ಬದ ದಿನಾನೂ ಕೆಲಸ ಮಾಡಿಸಿದ್ರು ಅವರು. ಹೊತ್ತಾಯ್ತು, ಹೊರಡು."

ಹೊರಗಿನ್ನೂ ಕತ್ತಲು. ಬಕೆಟ್ಟಿನ ತಳದಲ್ಲಿ ಒಂದು ಜಗ್ಗಿನಷ್ಟು ನೀರು ಬಿಟ್ಟು, ಅಜ್ಜಿಯ ಬುಟ್ಟಿಯನ್ನು ಅವರ ಬಾಗಿಲ ಮುಂದೆ ಸದ್ದಾಗದ ಹಾಗೆ ಇಟ್ಟು, ಟ್ರಾಮ್ ಹಿಡಿಯಲು ಓಡಿದೆ.